ಅಜೇಲಿಯಾ ಎರಡನೇ ವರ್ಷವೂ ಹೂ ಬಿಡಬೇಕಾದರೆ

ಚಳಿ ಇಳಿಯುತ್ತಿದ್ದಂತೆ ಊಟಿ, ಕೂನೂರು, ಕೋಟಗಿರಿಯ ನರ್ಸರಿಗಳಲ್ಲಿ ಎಲೆ ಕಾಣದಷ್ಟು ಹೂ ಹೊತ್ತ ಅಜೇಲಿಯಾ ಕುಂಡಗಳು ಮಾರಾಟಕ್ಕೆ ನಿಲ್ಲುತ್ತವೆ. ಗುಲಾಬಿ, ಬಿಳಿ, ಕಡುಗೆಂಪು, ಅಂಚಿಗೆ ಮಾತ್ರ ಬಣ್ಣ ಹಚ್ಚಿದಂಥವು. ಆ ಚೆಲುವಿಗೆ ಮಾರುಹೋಗಿ ತಾಳವಾಡಿಗೋ ಹೊಸೂರಿಗೋ ಕೊಂಡೊಯ್ದ ಗಿಡ ಕೆಲವು ವಾರ ನಳನಳಿಸಿ, ಮುಂದಿನ ಬೇಸಿಗೆ ದಾಟದೆ ಒಣಗುವುದೇ ಹೆಚ್ಚು. ಅದಕ್ಕೆ ಬಹುಪಾಲು ಎರಡು ಕಾರಣ: ಸುಣ್ಣದಂಶದ ನೀರು ಮತ್ತು ಆಳಕ್ಕೆ ಹೂತ ಬೇರು. ಇವೆರಡನ್ನು ಸರಿಪಡಿಸಿಕೊಂಡರೆ ಮನೆಯಂಗಳದಲ್ಲಿ ಅಜೇಲಿಯಾ ದಶಕಗಳ ಕಾಲ ಬಾಳುವ ಗಿಡ.

ಅಜೇಲಿಯಾ ರೋಡೊಡೆಂಡ್ರಾನ್ ಕುಲದ ಪೊದೆ. ನೀಲಗಿರಿಯ ಶೋಲಾ ಕಾಡಿನ ಅಂಚಿನಲ್ಲೂ ಹುಲ್ಲುಗಾವಲಿನಲ್ಲೂ ಕೆಂಪು ಹೂ ಬಿಡುವ ಕಾಡು ರೋಡೊಡೆಂಡ್ರಾನ್ ಮರ ಇದರ ನೆಂಟ. ಆ ಮರ ಎಂಥ ನೆಲದಲ್ಲಿ ನಿಂತಿದೆ ಎಂದು ಒಮ್ಮೆ ನೋಡಿದರೆ ಅರ್ಧ ಪಾಠ ಕಲಿತಂತೆ: ಕೊಳೆತ ಎಲೆ ತುಂಬಿದ ಹುಳಿ ಮಣ್ಣು, ತಂಪು ಗಾಳಿ, ನೀರು ನಿಲ್ಲದ ಇಳಿಜಾರು. ಅಜೇಲಿಯಾದ ಬೇರು ಕೂದಲಿನಷ್ಟು ತೆಳು. ಬಹುಪಾಲು ಮೇಲಿನ 15–20 ಸೆಂ.ಮೀ. ಮಣ್ಣಿನಲ್ಲೇ ಹರಡಿಕೊಳ್ಳುತ್ತದೆ, ನೀರು ಹುಡುಕಿ ಆಳಕ್ಕೆ ಇಳಿಯುವುದಿಲ್ಲ. ಮುಂದೆ ಹೇಳುವ ಪ್ರತಿ ಕೆಲಸವೂ ಈ ಮೇಲ್ಪದರವನ್ನು ಹುಳಿಯಾಗಿ, ತೇವವಾಗಿ, ಗಾಳಿಯಾಡುವಂತೆ ಇಡುವುದಕ್ಕೇ.

ನಿಮ್ಮ ಊರಿಗೆ ತಕ್ಕಂತೆ ಜಾಗ

ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲೂ ಅದಕ್ಕಿಂತ ಕೆಳಗಿನ ಕೂನೂರು, ಕೋಟಗಿರಿಯಲ್ಲೂ ನೇರ ನೆಲದಲ್ಲೇ ನೆಡಬಹುದು. ಬೆಳಗಿನ ಮೂರು–ನಾಲ್ಕು ಗಂಟೆ ಬಿಸಿಲು, ಮಧ್ಯಾಹ್ನದ ನಂತರ ಮರದ ಚದುರಿದ ನೆರಳು ಸಿಗುವ ಜಾಗ ಒಳ್ಳೆಯದು. ಸಿಲ್ವರ್ ಓಕ್‌ನಂಥ ವಿರಳ ನೆರಳಿನ ಮರವಿದ್ದರೆ ಬಲು ಚೆನ್ನ. ದಟ್ಟ ನೆರಳಿನಲ್ಲಿ ಗಿಡ ಹಸಿರಾಗಿ ನೀಳವಾಗಿ ಬೆಳೆಯುತ್ತದೆ, ಹೂ ಮಾತ್ರ ಬೆರಳೆಣಿಕೆ.

ಡಿಸೆಂಬರ್–ಜನವರಿಯಲ್ಲಿ ಹಿಮ ಕೂರುವ ತಗ್ಗುಗಳಲ್ಲಿ ಒಂದು ತಿದ್ದುಪಡಿ ಬೇಕು. ಹಿಮ ಹಿಡಿದ ಮೊಗ್ಗಿಗೆ ಸೂರ್ಯೋದಯದ ಬಿಸಿಲು ನೇರ ಬಿದ್ದರೆ ಅದು ಥಟ್ಟನೆ ಕರಗಿ ಮೊಗ್ಗು ಕಂದಾಗುತ್ತದೆ. ಅಂಥಲ್ಲಿ ಒಂಬತ್ತು ಗಂಟೆಯ ಮೇಲೆ ಬಿಸಿಲು ಬರುವ ಜಾಗ ಆರಿಸಿ. ಹಿಮ ಬೀಳುವ ಸೂಚನೆಯಿದ್ದ ಸಂಜೆ ಗೋಣಿತಾಟು ಹೊದಿಸಿ, ಬೆಳಗ್ಗೆ ತೆಗೆಯಿರಿ.

ಗೂಡಲೂರು ಕಡೆ ಜೂನ್‌ನಿಂದ ಮಳೆ ಜಡಿಯುತ್ತದೆ. ಕೋಟಗಿರಿ, ಕೂನೂರಿಗೆ ಅಕ್ಟೋಬರ್–ನವೆಂಬರ್‌ನ ಹಿಂಗಾರು ಜೋರು. ಎರಡೂ ಕಡೆ ನೆಲಮಟ್ಟದಿಂದ 20–30 ಸೆಂ.ಮೀ. ಎತ್ತರದ ಏರುಮಡಿ ಮಾಡಿ ನೆಡುವುದೇ ಕ್ಷೇಮ.

ಹೊಸೂರು, ಡೆಂಕಣಿಕೋಟೆ, ತಾಳವಾಡಿಯವರು ನೆಲದ ಆಸೆ ಬಿಟ್ಟು ಕುಂಡದಲ್ಲಿ ಬೆಳೆಸಿ. ಇಲ್ಲಿನ ಬೇಸಿಗೆ ಅಜೇಲಿಯಾಕ್ಕೆ ಬಿಸಿ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಶೇ 50ರ ನೆರಳು ಬಲೆಯ ಕೆಳಗೆ, ಮನೆಯ ಉತ್ತರ ಅಥವಾ ಪೂರ್ವ ಮಗ್ಗುಲಲ್ಲಿ ಇಡಬೇಕು. ಕುಳಿತ ಮೊಗ್ಗು ಸರಿಯಾಗಿ ಅರಳಲು ಕೆಲವು ವಾರ ಒಳ್ಳೆಯ ಚಳಿ ಬೇಕು. ಅದು ಬಯಲಿನಲ್ಲಿ ಪೂರ್ತಿ ಸಿಗದ ಕಾರಣ ನರ್ಸರಿಯಲ್ಲಿ ಕಂಡಂಥ ಹೂರಾಶಿ ಪ್ರತಿವರ್ಷ ಬರುವುದಿಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಕುಂಡವನ್ನು ತೆರೆದ ಆಕಾಶದ ಕೆಳಗೆ ಇಟ್ಟರೆ ಇದ್ದುದರಲ್ಲಿ ಹೆಚ್ಚು ಹೂ ಸಿಗುತ್ತದೆ.

ಮಣ್ಣು

ರಸಸಾರ (ಮಣ್ಣಿನ ಹುಳಿ ತಿಳಿಸುವ pH ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಿಂದ 5.5 ಇದ್ದರೆ ಉತ್ತಮ, 4.5ರಿಂದ 6ರವರೆಗೆ ನಡೆಯುತ್ತದೆ. ನೀಲಗಿರಿಯ ಟೀ ತೋಟದ ಮಣ್ಣು ತಾನಾಗಿಯೇ ಈ ಮಟ್ಟದಲ್ಲಿರುತ್ತದೆ. ಆದರೆ ಹೊಸ ಮನೆಯ ಅಂಗಳದಲ್ಲಿ ಸಿಮೆಂಟ್, ಗಾರೆ, ಸುಣ್ಣದ ಚೂರು ಬೆರೆತಿರುತ್ತದೆ. ಗೋಡೆಗೆ ಒತ್ತಿ ನೆಟ್ಟ ಗಿಡ ಹಳದಿಯಾಗುವುದು ಇದರಿಂದಲೇ. ಗೋಡೆಯಿಂದ ಕನಿಷ್ಠ ಒಂದು ಮೀಟರ್ ದೂರವಿರಿ.

ಪರೀಕ್ಷೆಯಲ್ಲಿ ರಸಸಾರ 6.5ರ ಆಸುಪಾಸು ಬಂದರೆ ಪ್ರತಿ ಚದರ ಮೀಟರಿಗೆ 50–75 ಗ್ರಾಂ ಗಂಧಕದ ಪುಡಿಯನ್ನು ಮೇಲ್ಮಣ್ಣಿಗೆ ಬೆರೆಸಿ, ತೇವವಾಗಿಟ್ಟು, ಎರಡು–ಮೂರು ತಿಂಗಳು ಕಾದು, ಮತ್ತೆ ಪರೀಕ್ಷಿಸಿ ನೆಡಿ. ಮಣ್ಣಿನ ಬ್ಯಾಕ್ಟೀರಿಯಾ ಗಂಧಕವನ್ನು ಆಮ್ಲವಾಗಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ನಿಂಬೆರಸ, ವಿನೆಗರ್ ಸುರಿಯುವುದರ ಪರಿಣಾಮ ಕೆಲವೇ ದಿನದ್ದು.

ಕುಂಡಕ್ಕೆ: ತೊಳೆದ ತೆಂಗಿನ ನಾರಿನ ಪುಡಿ 2 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು, ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಕಾಳು) 1 ಪಾಲು. ನಾರಿನ ಪುಡಿಯನ್ನು ಮೂರು ಸಲವಾದರೂ ನೆನೆಸಿ ಹಿಂಡಿ; ಅದರ ಉಪ್ಪು ಹಾಗೇ ಉಳಿದರೆ ಎಲೆಯಂಚು ಸುಟ್ಟಂತಾಗುತ್ತದೆ. 10–12 ಇಂಚಿನ ಅಗಲ ಬಾಯಿಯ, ಆಳ ಕಡಿಮೆಯಿರುವ ಕುಂಡ ಸಾಕು.

ಒಲೆಯ ಬೂದಿ, ಮೊಟ್ಟೆಸಿಪ್ಪೆಯ ಪುಡಿ, ಮೂಳೆಗೊಬ್ಬರ ಮೂರೂ ಬೇಡವೇ ಬೇಡ. ಬೂದಿಯೂ ಮೊಟ್ಟೆಸಿಪ್ಪೆಯೂ ಹುಳಿ ಮುರಿಯುತ್ತವೆ, ಮೂಳೆಗೊಬ್ಬರ ಸುಣ್ಣದಂಶ ಸೇರಿಸುತ್ತದೆ. ಗುಲಾಬಿಗೆ ಹಾಕಿ ಉಳಿದದ್ದನ್ನು ಇದಕ್ಕೂ ಚೆಲ್ಲುವ ಅಭ್ಯಾಸದಿಂದ ಎಷ್ಟೋ ಅಜೇಲಿಯಾಗಳು ಹೋಗಿವೆ. ಸೋಸಿದ ಚಹಾ ಚರಟ ಮಣ್ಣನ್ನು ಹುಳಿ ಮಾಡುತ್ತದೆಂದು ನಂಬಿಕೆ ಇಡಬೇಡಿ. ಹಾಲು ಸಕ್ಕರೆ ಸೋಕದ್ದಾದರೆ ತೆಳುವಾಗಿ ಹೊದಿಸಬಹುದು, ಅಷ್ಟೆ.

ನೆಡುವುದು

ಕುಂಡದಿಂದ ತೆಗೆದ ಬೇರುಮುದ್ದೆಯನ್ನು ಮೊದಲು ಬಕೆಟ್ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿ. ಇದನ್ನು ಬಿಡಬಾರದು. ಒಮ್ಮೆ ಪೂರ್ತಿ ಒಣಗಿದ ಮುದ್ದೆ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲಿನ ಮಣ್ಣು ಒದ್ದೆಯಾಗಿ ಕಂಡರೂ ಗಿಡ ಬಾಯಾರಿ ಸಾಯುತ್ತದೆ. ಬೇರು ಸುತ್ತಿಕೊಂಡಿದ್ದರೆ ಚೂಪು ಚಾಕುವಿನಿಂದ ನಾಲ್ಕು ಬದಿಗೆ ಮೇಲಿಂದ ಕೆಳಕ್ಕೆ ಒಂದು ಸೆಂ.ಮೀ. ಆಳ ಗೀರಿ, ಬೆರಳಿನಿಂದ ಬಿಡಿಸಿ.

ಗುಣಿಯ ಅಗಲ ಮುದ್ದೆಯ ಎರಡು–ಮೂರು ಪಟ್ಟು, ಆಳ ಮುದ್ದೆಯಷ್ಟೇ. ತೆಗೆದ ಮಣ್ಣಿಗೆ ಸಮಪಾಲು ಎಲೆಗೊಬ್ಬರ ಬೆರೆಸಿ ತುಂಬಿ. ಮುದ್ದೆಯ ತಲೆ ಸುತ್ತಲಿನ ನೆಲಕ್ಕಿಂತ 2–3 ಸೆಂ.ಮೀ. ಮೇಲೇ ಇರಲಿ, ಮಳೆಗೆ ಮಣ್ಣು ಕುಸಿದಾಗ ಸರಿಯಾಗುತ್ತದೆ. ಕಾಲಿನಿಂದ ತುಳಿದು ಗಟ್ಟಿ ಮಾಡದೆ ನೀರು ಹಾಕಿ ಕೂರಿಸಿ. ಗಿಡದಿಂದ ಗಿಡಕ್ಕೆ 75–90 ಸೆಂ.ಮೀ., ಸಣ್ಣ ಎಲೆಯ ಕುಳ್ಳ ತಳಿಗೆ 60 ಸೆಂ.ಮೀ. ಸಾಕು.

ಆಮೇಲೆ ಹೊದಿಕೆ: ಪೈನ್ ಸೂಜಿ ಅಥವಾ ಸಿಲ್ವರ್ ಓಕ್ ತರಗೆಲೆ 5–7 ಸೆಂ.ಮೀ. ದಪ್ಪ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ಬುಡವನ್ನು ಕುಂಟೆಯಿಂದ ಕೆದಕಬೇಡಿ, ಕಳೆ ಬಂದರೆ ಕೈಯಲ್ಲೇ ಕೀಳಿ.

ನೀರು

ಹೊಸೂರು, ತಾಳವಾಡಿ ಕಡೆ ನಿರ್ಣಾಯಕವಾದದ್ದು ಇದು. ಗಡಸು ಬೋರ್‌ವೆಲ್ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಪ್ರತಿ ಸಲ ಹಾಕಿದಾಗಲೂ ರಸಸಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದಂತಾಗುತ್ತದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಇದೇ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡರೂ ಎಚ್ಚರವಾಗಿ. ಎರಡು–ಮೂರು ಕುಂಡವಿದ್ದ ಮನೆಗೆ ಸೂರಿನ ಮಳೆನೀರು ಹಿಡಿದ 200 ಲೀಟರ್ ಡ್ರಮ್ ಒಂದು ದೊಡ್ಡ ಆಸರೆ. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ ಅದು ಹೊರಬಿಡುವ ತ್ಯಾಜ್ಯ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಗಟ್ಟಿಯಾಗಿರುತ್ತದೆ.

ಹಳದಿಯಾದ ಗಿಡಕ್ಕೆ ತಾತ್ಕಾಲಿಕ ಚಿಕಿತ್ಸೆ: ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು–ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಹೂವಿದ್ದಾಗ ಬೇಡ, ಕಲೆಯಾಗುತ್ತದೆ. ನೀರು ಬದಲಿಸದಿದ್ದರೆ ಹಳದಿ ಮರಳಿ ಬರುತ್ತದೆ.

ಬೆರಳು ಒಂದಿಂಚು ಇಳಿಸಿದಾಗ ಮಣ್ಣು ಆರುತ್ತಿದೆ ಅನ್ನಿಸಿದರೆ ನೀರು ಹಾಕಿ, ಕುಂಡದ ತಳದಿಂದ ಹರಿಯುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ.

ಗೊಬ್ಬರ ಮತ್ತು ಕತ್ತರಿ

ಹೂ ಮುಗಿದ ಮೇಲೆ, ಎರಡು ಅಡಿ ಎತ್ತರದ ಗಿಡಕ್ಕೆ 10–15 ಗ್ರಾಂ ಅಮೋನಿಯಂ ಸಲ್ಫೇಟ್, ಒದ್ದೆ ಮಣ್ಣಿನ ಮೇಲೆ, ಕಾಂಡದಿಂದ ದೂರ ಉದುರಿಸಿ ನೀರು ಹಾಕಿ. ಆರು ವಾರದ ನಂತರ ಇನ್ನೊಮ್ಮೆ. ಕುಂಡಕ್ಕೆ ಇದರ ಅರ್ಧ. ಸೆಪ್ಟೆಂಬರ್ ನಂತರ ಕೊಟ್ಟರೆ ಎಳೆ ಚಿಗುರು ಹಿಮಕ್ಕೆ ಸಿಕ್ಕಿ ಕಪ್ಪಾಗುತ್ತದೆ.

ಕತ್ತರಿಸುವ ಹೊತ್ತು ತಪ್ಪಿದರೆ ಒಂದು ವರ್ಷದ ಹೂ ಹೋಯಿತು. ಹೂ ಉದುರಿದ ಮೇಲೆ ಬರುವ ಚಿಗುರು ಬಲಿತು, ಅದರ ತುದಿಯಲ್ಲೇ ಮುಂದಿನ ಸಲದ ಮೊಗ್ಗು ಕೂರುತ್ತದೆ. ಆದ್ದರಿಂದ ಹೂ ಬಾಡಿದ ಮೂರು–ನಾಲ್ಕು ವಾರದೊಳಗೆ ಸವರಿ ಮುಗಿಸಿ. ಮಳೆಗಾಲ ಕಳೆದು ದೀಪಾವಳಿಗೆ ಅಂಗಳ ಚೊಕ್ಕಮಾಡುವಾಗ ಅಂದಕ್ಕೆಂದು ಸವರಿದವರು ಕತ್ತರಿಸಿದ್ದು ಮೊಗ್ಗುಗಳನ್ನೇ. ಬಾಡಿದ ಹೂವನ್ನು ಚಿವುಟುವಾಗಲೂ ಅದರ ಕೆಳಗೆ ಕಣ್ತೆರೆಯುತ್ತಿರುವ ಚಿಗುರು ಮುರಿಯದಂತೆ ನೋಡಿಕೊಳ್ಳಿ. ಹಳೆಯ, ಬುಡ ಬೋಳಾದ ಪೊದೆಯನ್ನು ವರ್ಷಕ್ಕೆ ಮೂರನೇ ಒಂದು ಪಾಲು ರೆಂಬೆಯಂತೆ ಒಂದಡಿ ಎತ್ತರಕ್ಕೆ ಇಳಿಸುತ್ತ ಮೂರು ವರ್ಷದಲ್ಲಿ ಹೊಸದಾಗಿಸಬಹುದು.

ರೋಗ, ಕೀಟ

ಎಳೆ ಎಲೆ ದಪ್ಪಗೆ ಉಬ್ಬಿ ತಿರುಚಿಕೊಂಡರೆ ಅದು ಎಲೆಗಂಟು ರೋಗ. ಟೀ ಬೆಳೆಗಾರರು ಬಲ್ಲ ಗುಳ್ಳೆರೋಗದ ಶಿಲೀಂಧ್ರದ ಕುಲಕ್ಕೇ ಸೇರಿದ್ದು, ಮಂಜು ಮಳೆಯ ದಿನಗಳಲ್ಲಿ ಹೆಚ್ಚು. ಉಬ್ಬಿನ ಮೇಲೆ ಬಿಳಿ ಹುಡಿ ಕೂರುವ ಮೊದಲೇ ಕಿತ್ತು ಸುಟ್ಟುಬಿಡಿ, ಮನೆ ಗಿಡಕ್ಕೆ ಅಷ್ಟು ಸಾಕು. ಒಣ ತಿಂಗಳುಗಳಲ್ಲಿ ಎಲೆ ತಾಮ್ರದ ಬಣ್ಣಕ್ಕೆ ತಿರುಗಿದರೆ ಕೆಂಪು ನುಸಿ. ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ, ನಂತರ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದ ಜೊತೆ ವಾರಕ್ಕೊಮ್ಮೆ ಮೂರು ಸಲ.

ಮಣ್ಣು ಒದ್ದೆಯಿದ್ದೂ ಗಿಡ ಸೊರಗಿದರೆ ಬುಡದ ತೊಗಟೆ ಕೆರೆದು ನೋಡಿ. ಒಳಗೆ ಕಂದು ಬಣ್ಣವಿದ್ದರೆ ಬೇರು ಕೊಳೆತಿದೆ. ಆ ಹಂತದಲ್ಲಿ ಉಳಿಸಲಾಗದು. ಕಿತ್ತು ಹಾಕಿ, ಅದೇ ಗುಣಿಯಲ್ಲಿ ಮತ್ತೆ ಅಜೇಲಿಯಾ ನೆಡಬೇಡಿ.

ಎಲೆ, ಹೂ ಎರಡೂ ವಿಷ. ಆಡು, ದನ, ನಾಯಿ ಮೇಯದಂತೆ ಬೇಲಿಯೊಳಗಿರಲಿ. ಸವರಿದ ಸೊಪ್ಪನ್ನು ಕೊಟ್ಟಿಗೆಯ ಹತ್ತಿರ ಎಸೆಯಬೇಡಿ, ಮಕ್ಕಳು ಹೂ ಬಾಯಿಗಿಡದಂತೆ ಹೇಳಿಕೊಡಿ.

ಸಸಿ ಮಾಡಿಕೊಳ್ಳುವುದು

ಜೂನ್–ಜುಲೈಯಲ್ಲಿ, ಬಗ್ಗಿಸಿದರೆ ಮುರಿಯುವಷ್ಟು ಬಲಿತ ಆ ವರ್ಷದ ಚಿಗುರಿನಿಂದ 7–10 ಸೆಂ.ಮೀ. ಕಡ್ಡಿ ತೆಗೆದು, ಕೆಳಗಿನ ಅರ್ಧದ ಎಲೆ ಸವರಿ, ಬೇರು ಬರಿಸುವ ಐಬಿಎ ಪುಡಿಯಲ್ಲಿ ಅದ್ದಿ, ನಾರಿನ ಪುಡಿ–ಮರಳಿನ ಸಮಪಾಲಿನಲ್ಲಿ ಚುಚ್ಚಿ. ಪಾಲಿಥೀನ್ ಚೀಲ ಮುಚ್ಚಿ ನೆರಳಲ್ಲಿಟ್ಟರೆ ಆರರಿಂದ ಹತ್ತು ವಾರದಲ್ಲಿ ಬೇರೊಡೆಯುತ್ತದೆ. ಎಲ್ಲವೂ ಹಿಡಿಯುವುದಿಲ್ಲ, ಬೇಕಾದುದಕ್ಕಿಂತ ಹೆಚ್ಚೇ ಇಡಿ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿಯಿದೆ: ನೆಲಕ್ಕೆ ಹತ್ತಿರದ ರೆಂಬೆಯೊಂದರ ತಳಭಾಗದ ತೊಗಟೆಯನ್ನು ತುಸು ಗೀರಿ, ಬಾಗಿಸಿ, ಎಲೆಗೊಬ್ಬರದಲ್ಲಿ ಹೂತು, ಮೇಲೊಂದು ಇಟ್ಟಿಗೆ ಇಡಿ. ಆ ಜಾಗ ಒಣಗದಂತೆ ನೋಡಿಕೊಂಡರೆ ವರ್ಷದೊಳಗೆ ಬೇರು ಬರುತ್ತದೆ; ಆಗ ತಾಯಿಗಿಡದಿಂದ ಕತ್ತರಿಸಿ, ಒಂದು ತಿಂಗಳು ಅಲ್ಲೇ ಬಿಟ್ಟು, ಮುಂದಿನ ಮಳೆ ಹಿಡಿದ ಮೇಲೆ ಕಿತ್ತು ನೆಡಿ.