ತೋಟಕ್ಕೆ ಮದ್ದು ಬಿಡಲಿಲ್ಲ, ನಾನು ಮದ್ದು ಬಿಟ್ಟೆ

ನಮ್ಮ ಕಡೆ ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ನೀರು) ಹೊಡೆಯುವುದಕ್ಕೂ ಮದ್ದು ಬಿಡುವುದು ಅಂತಾರೆ, ಮಾತ್ರೆ ನಿಲ್ಲಿಸುವುದಕ್ಕೂ ಮದ್ದು ಬಿಡುವುದು ಅಂತಾರೆ. 2021ರಲ್ಲಿ ನಾನು ಬಿಡಬೇಕಾದದ್ದನ್ನು ಬಿಡಲಿಲ್ಲ, ಬಿಡಬಾರದ್ದನ್ನು ಬಿಟ್ಟೆ. ಜನವರಿಯಲ್ಲಿ ಖಿನ್ನತೆಯ ಮಾತ್ರೆ ನಿಲ್ಲಿಸಿದೆ. ಜುಲೈಯಲ್ಲಿ ತೋಟದ ಎರಡನೇ ಮದ್ದಿಗೆ ಜನ ಹೇಳಲಿಕ್ಕೆ ಫೋನ್ ಎತ್ತುವುದೂ ಆಗಲಿಲ್ಲ. ಮೈಲುತುತ್ತಿನ ಚೀಲ ಕೊಟ್ಟಿಗೆಯಲ್ಲೇ ಇತ್ತು, ಸುಣ್ಣವೂ ಇತ್ತು. ಕೊಳೆರೋಗ ಬಂತು. ಎಂಟು ಕ್ವಿಂಟಾಲ್ ಆಗುವಲ್ಲಿ ನಾಲ್ಕೋ ನಾಲ್ಕೂವರೆಯೋ ಸಿಕ್ಕಿತು. ಕಿಲೋಗೆ 400ರ ಮೇಲೆ ಇದ್ದ ವರ್ಷ ಅದು. ಒಂದೂವರೆ ಲಕ್ಷ ಹೋಯಿತು ಅಂತ ಲೆಕ್ಕ ಇಡಿ.

ಇದನ್ನು ಬರೆಯುವುದು ಖಿನ್ನತೆ ಎಂದರೇನು ಅಂತ ಹೇಳಲಿಕ್ಕಲ್ಲ. ಮಾತ್ರೆ ನುಂಗಿದವರಿಗೆ, ನುಂಗಿ ಬಿಟ್ಟವರಿಗೆ ಅದು ಗೊತ್ತುಂಟು. ನಾನೊಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಅದನ್ನು ನೋಡಿ ನಕ್ಕವರು ಬಹಳ. ಈಗ ಮೂರು ವರ್ಷದಿಂದ ಸುಮಾರು ಸರಿ ಇದ್ದೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಶುರುವಾದದ್ದು 2019ರಲ್ಲಿ, ಅಡಿಕೆ ಸುಲಿಯುವ ಸಮಯದಲ್ಲಿ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ. ಆಮೇಲೆ ನಿದ್ದೆ ಇಲ್ಲ, ಹಸಿವು ಇಲ್ಲ. ಸುಲಿಯಲಿಕ್ಕೆ ಕೂತರೆ ಕೈ ನಿಂತುಬಿಡುತ್ತಿತ್ತು. ಮನೆಯಲ್ಲಿ ಕಾರಣ ಹುಡುಕಿದರು. ಸಾಲ ಇಲ್ಲ, ಜಗಳ ಇಲ್ಲ, ಮಕ್ಕಳು ದಾರಿಗೆ ಬಿದ್ದಾಗಿತ್ತು. ಕಾರಣ ಇಲ್ಲದ್ದೇ ನನಗೆ ದೊಡ್ಡ ತಲೆಬಿಸಿ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದ ಊರು. ಏಳಲಾಗದ ಮಗುವನ್ನು ಇಪ್ಪತ್ತು ವರ್ಷ ಎತ್ತಿ ಸಾಕಿದ ಅಮ್ಮಂದಿರು ಅಕ್ಕಪಕ್ಕದಲ್ಲೇ ಇದ್ದಾರೆ. ಅವರು ನಗಾಡಿಕೊಂಡು ಮಾತಾಡುವಾಗ ನನಗೆಂತ ಕಾಯಿಲೆ ಅಂತ ನಾಚಿಕೆ ಆಗುತ್ತಿತ್ತು. ಈ ನಾಚಿಕೆಯಲ್ಲೇ ಎಂಟು ತಿಂಗಳು ಹೋಯಿತು.

ಹಣ ಹೋದದ್ದು ಹೇಗೆ ಅಂತ ಹೇಳುತ್ತೇನೆ, ಸರೀ ನೆನಪಿಲ್ಲ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ದಕ್ಕೆ, ಪರಿಹಾರಕ್ಕೆ ಎಲ್ಲ ಸೇರಿ 35 ಸಾವಿರ. ಹದಿನಾಲ್ಕು ದಿನ ಎಣ್ಣೆ ಹಾಕಿ ತಿಕ್ಕಿಸಿಕೊಂಡದ್ದಕ್ಕೆ 22 ಸಾವಿರ. ತಿಕ್ಕಿಸಿಕೊಂಡದ್ದು ಹಿತವಾಗಿತ್ತು, ಸುಳ್ಳು ಹೇಳಬಾರದು. ಮೂರು ಗಂಟೆಗೆ ಎಚ್ಚರ ಆಗುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಂಗಳೂರಿಗೆ ಹೋದದ್ದು. ಊರಿನವರು ಕಾಣಬಾರದು ಅಂತ ಬಸ್ಸಲ್ಲ, ಬಾಡಿಗೆ ಕಾರು. ಡಾಕ್ಟ್ರ ಫೀಸು 500, ಕಾರಿಗೆ 2500! ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಬಿ-12 ಕಡಿಮೆ. ಬಿ-12ಕ್ಕೆ ಬೇರೆ ಮದ್ದು ಕೊಟ್ಟು, ಖಿನ್ನತೆಗೆ ಎಸಿಟಲೋಪ್ರಾಮ್ ಶುರು ಮಾಡಿದರು. ಎರಡು ವಾರ ಹೊಟ್ಟೆ ತೊಳಸಿತು. ನಾಲ್ಕನೇ ವಾರ ನಿದ್ದೆ ಬಂತು.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಬಂದ್ ಆಯಿತು. ನಮ್ಮಂಥವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ಆ ದಾರಿಯೇ ಇಲ್ಲ. ಆಂಬುಲೆನ್ಸ್‌ಗೇ ಬಿಡದ ದಿನಗಳಲ್ಲಿ ನನ್ನ ಮಾತ್ರೆಯ ಮಾತು ಯಾರಿಗೆ ಹೇಳುವುದು? ಇದ್ದ ಹನ್ನೊಂದು ಮಾತ್ರೆಯನ್ನು ಅರ್ಧ ಅರ್ಧ ಮಾಡಿದೆ, ಮುಗಿಯಿತು. ಮೂರನೇ ದಿನ ತಲೆಯೊಳಗೆ ಝಿಲ್ ಝಿಲ್ ಅಂತ ಕರೆಂಟು ಹೊಡೆದ ಹಾಗೆ ಆಯಿತು. ಕತ್ತು ತಿರುಗಿಸಿದರೂ ಝಿಲ್. ಒಮ್ಮೆಲೇ ನಿಲ್ಲಿಸಿದರೆ ಹಾಗಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ಫೋನಿನಲ್ಲಿ ಡಾಕ್ಟ್ರ ಚೀಟಿ ತರಿಸಿ, ಕಾಸರಗೋಡಿನಲ್ಲಿ ಮಾತ್ರೆ ತೆಗೆದೆ. ವರ್ಷದ ಕೊನೆಗೆ ಚೆನ್ನಾಗಿಯೇ ಇದ್ದೆ. ಚೆನ್ನಾಗಿದ್ದೇನೆ, ಇನ್ನೆಂತಕ್ಕೆ ಅಂತ ಜನವರಿಯಲ್ಲಿ ನಾನೇ ಬಿಟ್ಟೆ. ಗುಣ ಆದ ಮೇಲೂ ಕಡಿಮೆಯೆಂದರೆ ಆರರಿಂದ ಒಂಬತ್ತು ತಿಂಗಳು ನಡೆಸಬೇಕು, ನಿಲ್ಲಿಸುವಾಗ ಡಾಕ್ಟ್ರು ಹೇಳಿದ ಹಾಗೆ ಮೆಲ್ಲ ಇಳಿಸಬೇಕು. ಇಷ್ಟು ಕಲಿಯಲಿಕ್ಕೆ ನಾನು ಒಂದೂವರೆ ಲಕ್ಷ ಕೊಟ್ಟೆ.

ಎರಡನೇ ಸಲ ಬಿದ್ದಾಗ ಮಂಗಳೂರಿನವರೆಗೆ ಹೋಗುವ ಜೀವ ಇರಲಿಲ್ಲ. ಕೇರಳದ ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ ‘ಆಶ್ವಾಸಂ’ ಅಂತ ಒಂದು ಕ್ಲಿನಿಕ್ ಉಂಟು. ಮನೆಯವಳು ಅಲ್ಲಿಗೆ ಎಳೆದುಕೊಂಡು ಹೋದಳು. ಗೋಡೆಯ ಮೇಲೆ ಖಿನ್ನತೆಗೆ ಮಲಯಾಳದಲ್ಲಿ ‘ವಿಷಾದರೋಗಂ’ ಅಂತ ದೊಡ್ಡದಾಗಿ ಬರೆದಿತ್ತು. ನಮಗೆ ವಿಷಾದ ಎಂದರೆ ತಪ್ಪಾದರೆ ವ್ಯಕ್ತಪಡಿಸುವಂಥದ್ದು. ವಿಷಾದಕ್ಕೂ ರೋಗ ಉಂಟಾ, ಯಾರ ಹತ್ತಿರ ಕ್ಷಮೆ ಕೇಳಬೇಕು ಅಂತ ಆ ಹೊತ್ತಿನಲ್ಲೂ ಅನಿಸಿತು. ನರ್ಸ್ ಮಲಯಾಳಿ, ಮನೆಯವಳು ನಡುವೆ ದುಭಾಷಿ. ಒಂಬತ್ತು ಪ್ರಶ್ನೆಯ ಚೀಟಿ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಜಾಸ್ತಿ ಬಂದಷ್ಟೂ ಖಿನ್ನತೆ ಜಾಸ್ತಿ. 27ರಲ್ಲಿ ನನಗೆ 19 ಬಂತು. ಶಾಲೆಯಲ್ಲಿ ಲೆಕ್ಕಕ್ಕೆ ಅಷ್ಟು ಬಂದಿರಲಿಲ್ಲ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ನಾನು ಹೇಳಿದ ಉತ್ತರವನ್ನು ಮನೆಯವಳು ಕೂಡಲೇ ತರ್ಜುಮೆ ಮಾಡಲಿಲ್ಲ. ಅಂದಿನಿಂದ ತೋಟದ ಮದ್ದಿನ ಕೋಣೆಯ ಬೀಗದ ಕೈ ಅವಳ ಸೆರಗಿನಲ್ಲಿ. ನರ್ಸೇ ಹೇಳಿ ಮಾಡಿಸಿದ್ದು. ಈಗ ಅಂಥ ಹೊತ್ತಿಗೆ 14416 ಅಂತ ಟೆಲಿ ಮಾನಸ್ ನಂಬರ್ ಉಂಟು, ಭಾಷೆ ಆರಿಸಬಹುದು, ದುಡ್ಡಿಲ್ಲ. ಆಗ ಇರಲಿಲ್ಲ, ಶುರುವಾದದ್ದು 2022ರ ಅಕ್ಟೋಬರಿನಲ್ಲಿ.

ಮಾತ್ರೆ ಮತ್ತೆ ಶುರುವಾಯಿತು. ಹೊರಡುವಾಗ ನರ್ಸ್, ದಿನಕ್ಕೊಂದು ಸಣ್ಣ ಕೆಲಸ ಮಾಡಿ, ಮನಸ್ಸು ಬರಲಿ ಅಂತ ಕಾಯಬೇಡಿ ಅಂದರು. ನಾನು ಅತಿ ಆಸೆಯವ. ಮನೆಗೆ ಬಂದು ಅಡಿಕೆ ಲೆಕ್ಕದ ಪುಸ್ತಕದಲ್ಲಿ ದಿನಕ್ಕೆ ಹನ್ನೊಂದು ಕೆಲಸ ಬರೆದೆ. ನಾಲ್ಕನೇ ದಿನ ಆ ಪುಸ್ತಕ ಕಂಡರೆ ಹೊಟ್ಟೆ ಕಿವುಚುತ್ತಿತ್ತು. ಅಟ್ಟಕ್ಕೆ ಎಸೆದೆ. ಒಂದು ತಿಂಗಳು ಏನೂ ಇಲ್ಲ.

ಎರಡನೇ ಪುಸ್ತಕದಲ್ಲಿ ಮೂರೇ ಕೆಲಸ. ‘ತೋಟಕ್ಕೆ ಹೋಗುವುದು’ ಅಂತ ಬರೆದರೆ ಹೋಗಲಿಕ್ಕಾಗುವುದಿಲ್ಲ. ‘ಚಪ್ಪಲಿ ಹಾಕಿ ಬೇಲಿಯ ತಡಮೆ ದಾಟುವುದು’ ಅಂತ ಬರೆದೆ. ದಾಟಿದ ಮೇಲೆ ವಾಪಸು ಬಂದರೂ ಕೆಲಸ ಆಯಿತು ಅಂತ ಗೀಟು. ಮೂರರಲ್ಲಿ ಒಂದು ಮನೆಗೆ ಉಪಯೋಗದ್ದು, ಒಂದು ಹಿಂದೆ ನನಗೆ ಇಷ್ಟ ಇದ್ದದ್ದು, ಒಂದರಲ್ಲಿ ಇನ್ನೊಬ್ಬ ಮನುಷ್ಯ ಇರಬೇಕು. ಮೊದಲ ವಾರಗಳಲ್ಲಿ ಬರೀ ಉಪಯೋಗದ್ದೇ ಬರೆದು ಕೆಟ್ಟೆ.

ನನ್ನ ಸೇರಿಕೆ ಎಂದರೆ ಮಾರ್ಕು. ಕೆಲಸಕ್ಕೆ ಮೊದಲು ಎಷ್ಟು ಹಿತ ಆದೀತು ಅಂತ ಹತ್ತರಲ್ಲಿ ಒಂದು ಅಂದಾಜು. ಮಾಡಿದ ಮೇಲೆ ಆದದ್ದೆಷ್ಟು ಅಂತ ಎದುರಿಗೆ. ಒಂದು ಪುಟ ಹೀಗುಂಟು:

ತಡಮೆ ದಾಟುವುದು: ಅಂದಾಜು 0, ಆದದ್ದು 2.
ದನಕ್ಕೆ ಹುಲ್ಲು: ಅಂದಾಜು 1, ಆದದ್ದು 3.
ಅಪ್ಪಚ್ಚಿಯ ಮನೆ ಪೂಜೆ: ಅಂದಾಜು 0, ಆದದ್ದು 2. ಹೋಳಿಗೆಗೆ ಬೇರೆ 6.

ಭಾವ ಈ ಪುಟ ನೋಡಿಯೇ ನಕ್ಕದ್ದು. “ಬರೆದರೆ ಕಾಯಿಲೆ ಹೋಗುತ್ತದಾದರೆ ನಾವೆಲ್ಲ ಬ್ಯಾಂಕಿನ ಸಾಲವನ್ನೂ ಹಾಗೇ ಕಳೆಯಬಹುದಲ್ವಾ ಮಾರಾಯ?” ಅಂದ. ಸುಮ್ನೆ ಇದ್ದೆ. ಮೂರು ತಿಂಗಳಾದ ಮೇಲೆ ಕೂಡಿಸಿ ನೋಡಿದೆ. ಸುಮಾರು 220 ಕೆಲಸದಲ್ಲಿ 180ರ ಹತ್ತಿರ ಅಂದಾಜಿಗಿಂತ ಆದದ್ದು ಜಾಸ್ತಿ. ಎಂದರೆ ಏನೂ ಪ್ರಯೋಜನ ಇಲ್ಲ, ಮಲಗಿಕೋ ಅಂತ ಬೆಳಿಗ್ಗೆ ತಲೆಯೊಳಗೆ ಹೇಳುವವನಿದ್ದಾನಲ್ಲ, ಅವನ ಲೆಕ್ಕ ದಿನಾ ತಪ್ಪು. ಬೇರೆಯವರು ಧೈರ್ಯ ಹೇಳಿದರೆ ನಾನು ನಂಬುತ್ತಿರಲಿಲ್ಲ. ನನ್ನದೇ ಅಕ್ಷರ, ನನ್ನದೇ ಅಂಕೆ. ನಂಬದೆ ಎಲ್ಲಿಗೆ ಹೋಗಲಿ? ಇದು ನಾನೇ ಕಂಡುಹಿಡಿದದ್ದು ಅಂತ ಡಾಕ್ಟ್ರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಫೋಟೋ ತೆಗೆದುಕೊಂಡರು, ಆಮೇಲೆ ಮೆಲ್ಲ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರುಂಟು, 1970ರ ದಶಕದಿಂದಲೇ ಉಂಟು ಅಂದರು. ಹೋಳಿಗೆಯ ಮಾರ್ಕು ಆದರೂ ನನ್ನದೇ ಇರಬೇಕು.

ಇಷ್ಟ ಇದ್ದದ್ದು ಅಂತ ನಾನು ಬರೆದದ್ದು ಸುರಂಗದ ನೀರು ಅಳೆಯುವುದು. ಅಜ್ಜನ ಕಾಲದ ಸುರಂಗ, ನೀರಿಗೆ ಅಂತ ಗುಡ್ಡದ ಮುರಕಲ್ಲು ಅಡ್ಡಕ್ಕೆ ಕೊರೆದು ಅರುವತ್ತು ಕೋಲು ಒಳಗೆ ಹೋಗಿದ್ದಾರೆ. ದಿನಾ ಬೆಳಿಗ್ಗೆ ಬಾಯಿಯಲ್ಲಿ ಕೊಡಪಾನ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಅಂತ ನೋಡುವುದು. ಜನವರಿಯಲ್ಲಿ 70, ಮಾರ್ಚ್ ಕೊನೆಗೆ 130, ಮೇಯಲ್ಲಿ ನಾಲ್ಕು ನಿಮಿಷ ದಾಟಿತು. ಒಳಗಿಂದ ತಣ್ಣಗೆ ಗಾಳಿ, ಬಾವಲಿಯ ವಾಸನೆ, ಕೊಡಪಾನದ ಸ್ವರ ಮೇಲೆ ಮೇಲೆ ಏರುವುದು. ಮೊದಲು ಲೆಕ್ಕ ತಪ್ಪುತ್ತಿತ್ತು, ಮನಸ್ಸು ಎಲ್ಲೋ ಹೋಗಿ ತುಂಬಿ ಚೆಲ್ಲುತ್ತಿತ್ತು. ಲೆಕ್ಕ ತಪ್ಪದ ಮೊದಲ ದಿನಕ್ಕೆ ಗೀಟು ಹಾಕಿ ಇಟ್ಟಿದ್ದೇನೆ. ಮೇ ತಿಂಗಳ ನೀರು ನೋಡಿ ಕೆಳಗಿನ ತೋಟಕ್ಕೆ ಸ್ಪ್ರಿಂಕ್ಲರ್ ನಿಲ್ಲಿಸಿ ಹನಿ ನೀರಾವರಿ ಹಾಕಿಸಿದೆ, ಅದರ ಕತೆ ಬೇರೆ.

ಬೇರೆ ಪ್ರಯೋಗವೂ ಮಾಡಿದೆ. ಕಾಫಿ ಪೂರಾ ಬಿಟ್ಟೆ, ತಲೆನೋವು ಬಂದದ್ದಷ್ಟೇ. ಮಧ್ಯಾಹ್ನ ಎರಡು ಗಂಟೆಯ ನಂತರ ಮಾತ್ರ ಬಿಟ್ಟದ್ದು ನಿದ್ದೆಗೆ ಉಪಯೋಗವಾಯಿತು. ಸಂಜೆ ನಡೆದದ್ದಕ್ಕಿಂತ ಬೆಳಿಗ್ಗೆ ಬಿಸಿಲಿಗೆ ನಡೆದದ್ದು ನನಗೆ ಹೆಚ್ಚು ಆಗಿಬಂತು. ಚಿಂತೆಗಳನ್ನು ಮಲಗುವ ಮೊದಲು ಬರೆದೆ, ನಾಲ್ಕು ಪುಟ ಆಯಿತು, ನಿದ್ದೆ ಹೋಯಿತು. ತಾಳಮದ್ದಳೆ ಬಿಡಲಿಕ್ಕಾಗುವುದಿಲ್ಲ, ಆದರೆ ಹನ್ನೊಂದಕ್ಕೆ ಎದ್ದು ಬರುತ್ತೇನೆ, ಅರ್ಥಧಾರಿ ಎಷ್ಟೇ ಚೆನ್ನಾಗಿ ಮಾತಾಡಲಿ. ಮಲಗುವುದು ಎಷ್ಟಕ್ಕಾದರೂ ಏಳುವುದು ಐದೂವರೆಗೆ. ಮೂರು ಗಂಟೆಗೆ ಎಚ್ಚರ ಆದರೆ ಮಾಡುವ ಒಂದು ಉಪಾಯ ಉಂಟು. ಅದು ನನಗೂ ಮನೆಯವಳಿಗೂ ಗೊತ್ತು, ಇಲ್ಲಿ ಬೇಡ.

ಮಾತ್ರೆ ಬಿಟ್ಟು ಪುಸ್ತಕ ಹಿಡಿದೆ ಅಂತ ಯಾರೂ ತಿಳಿಯಬೇಡಿ. ಮಾತ್ರೆ ಇಲ್ಲದಿದ್ದರೆ ಪೆನ್ನು ಹಿಡಿಯುವ ತ್ರಾಣವೇ ಇರಲಿಲ್ಲ. 2023ರಲ್ಲಿ ಡಾಕ್ಟ್ರೇ ನಾಲ್ಕು ತಿಂಗಳು ತೆಗೆದುಕೊಂಡು ಇಳಿಸಿ ನಿಲ್ಲಿಸಿದರು, ಝಿಲ್ ಝಿಲ್ ಇಲ್ಲ. ಆಗ ಒಂಬತ್ತು ಪ್ರಶ್ನೆಯ ಚೀಟಿಯಲ್ಲಿ 4 ಬಂದಿತ್ತು. ಈಗ ಪುಸ್ತಕ ವಾರಕ್ಕೆರಡು ದಿನ ಮಾತ್ರ. ಸಾಲಾಗಿ ಮೂರು ಸಲ ಅಂದಾಜು 0 ಬರೆದರೆ ಮನೆಯವಳು ಕೇಂದ್ರಕ್ಕೆ ಫೋನ್ ಮಾಡುವುದು ಅಂತ ಒಪ್ಪಂದ. ಒಂದು ಸಲ ಮಾಡಿದ್ದಾಳೆ.

ಕಳೆದ ತಿಂಗಳು ಭಾವ ಬಂದಿದ್ದ. ಕಾಫಿ ಕುಡಿದು, ಅಡಿಕೆ ಧಾರಣೆ ಮಾತಾಡಿ, ಹೊರಡುವಾಗ ಅಂಗಳದಲ್ಲಿ ನಿಂತು, “ಆ ಪುಸ್ತಕ ಎಲ್ಲಿ ಸಿಗುತ್ತದೆ?” ಅಂತ ಕೇಳಿದ. ಯಾರಿಗೆ ಅಂತ ನಾನು ಕೇಳಲಿಲ್ಲ. ಬದಿಯಡ್ಕ ಪೇಟೆಯಲ್ಲಿ 40 ರೂಪಾಯಿಗೆ ಸಿಗುತ್ತದೆ, ಎರಡು ತೆಗೆದುಕೋ, ಮೊದಲನೆಯದು ಅಟ್ಟಕ್ಕೆ ಹೋಗುತ್ತದೆ ಅಂದೆ.