ಮೂರು ಚುಕ್ಕಿಯ ಚರ್ಮ: ಗುರುತಿಸುವುದು, ಕಾಪಾಡುವುದು ಹೇಗೆ?

ಹೊಸ ಶೂ ಕೊಳ್ಳುವಾಗ ಎಲ್ಲರೂ ಹೊರಗಿನ ಚರ್ಮ ಸವರಿ ನೋಡುತ್ತಾರೆ, ಒಳಗಿನದನ್ನು ಕೇಳುವವರಿಲ್ಲ. ಕಾಲಿಗೆ ತಾಗುವ ಆ ಮೆತ್ತನೆಯ ಅಸ್ತರು ಎಷ್ಟೋ ಸಲ ಹಂದಿ ಚರ್ಮದ್ದು. ಕೈಗವಸು, ಪರ್ಸು, ಸ್ವೇಡ್ (ಉಜ್ಜಿ ಮಖಮಲ್ಲಿನಂತೆ ನವಿರು ಮಾಡಿದ ಚರ್ಮ) ಜಾಕೆಟ್‌ಗಳಲ್ಲೂ ಅದು ಸಿಗುತ್ತದೆ.

ಮೊದಲು ಗುರುತು ಹಿಡಿಯಿರಿ. ದನದ ಕೂದಲ ಬುಡ ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಹಂದಿಯ ಬಿರುಗೂದಲು ತೊಗಲಿನ ಪೂರ್ತಿ ದಪ್ಪ ಹಾದು ಕೆಳಗಿನ ಕೊಬ್ಬಿನವರೆಗೆ ಇಳಿದಿರುತ್ತದೆ. ಹದ ಮಾಡುವಾಗ ಕೂದಲು ಹೋದರೂ ತೂತು ಉಳಿಯುತ್ತದೆ, ಅದೂ ಮೂರು ಮೂರರ ಗುಂಪಾಗಿ, ಪುಟ್ಟ ತ್ರಿಕೋನದಂತೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಅಷ್ಟಕ್ಕೇ ನಂಬಬೇಡಿ. ದನದ ಚರ್ಮಕ್ಕೂ ರೆಕ್ಸಿನ್‌ಗೂ ಇದೇ ಚುಕ್ಕಿ ಅಚ್ಚೊತ್ತುವುದುಂಟು. ಅಚ್ಚಿನದಾದರೆ ಚುಕ್ಕಿಗಳ ಅಂತರ ಎಲ್ಲೆಡೆ ಒಂದೇ ಸಮ, ನಿಜವಾದದ್ದರಲ್ಲಿ ಕೆಲವೆಡೆ ಒತ್ತಾಗಿ, ಕೆಲವೆಡೆ ವಿರಳವಾಗಿ ಇರುತ್ತವೆ. ಹಿಂಬದಿ ಕಾಣುವಂತಿದ್ದರೆ ಭೂತಗನ್ನಡಿ ಹಿಡಿಯಿರಿ: ಅಲ್ಲೂ ತೂತು ಕಂಡರೆ ಹಂದಿಯದೇ. ಶೂ ಮೇಲೆ ಅಚ್ಚಾಗಿರುವ, ಹರಡಿದ ತೊಗಲಿನ ಚಿತ್ರ ‘ಇದು ಚರ್ಮ’ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿಯದೆಂದು ಹೇಳುವುದಿಲ್ಲ. ಧಾರ್ಮಿಕ ಕಾರಣಕ್ಕೆ ಹಂದಿ ಚರ್ಮ ಬೇಡವೆನ್ನುವವರಿಗೆ ಈ ಪರೀಕ್ಷೆ ಗೊತ್ತಿರುವುದು ಒಳ್ಳೆಯದು.

ಇನ್ನು ಯಾವುದಕ್ಕೆ ಕೊಳ್ಳಬೇಕು? ತೂತಿನಿಂದ ಗಾಳಿಯಾಡುತ್ತದೆ, ಬೆವರು ಆರುತ್ತದೆ. ಹಾಗಾಗಿ ಅಸ್ತರಿಗೆ ಇದು ಹೇಳಿ ಮಾಡಿಸಿದ್ದು. ತೆಳುವಾದರೂ ಉಜ್ಜಾಟಕ್ಕೆ ಜಗ್ಗದು. ಕುದುರೆಯ ಜೀನಿನ ಆಸನಕ್ಕೆ ಬಳಸುತ್ತಿದ್ದುದೂ ಇದಕ್ಕೇ. ಕೆಲಸದ ಕೈಗವಸು ಒದ್ದೆಯಾಗಿ ಒಣಗಿದ ಮೇಲೂ ದನದ ಚರ್ಮದಷ್ಟು ಸೆಟೆದುಕೊಳ್ಳುವುದಿಲ್ಲ. 15–16ನೇ ಶತಮಾನದಲ್ಲಿ ಜರ್ಮನಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವರು ಪಟಿಕದಿಂದ ಹದ ಮಾಡಿದ ಬಿಳಿ ಹಂದಿ ಚರ್ಮವನ್ನು ಮರದ ಹಲಗೆಗೆ ಹೊದಿಸುತ್ತಿದ್ದರು, ಅಂಥ ಪುಸ್ತಕಗಳು ಇಂದಿಗೂ ಗಟ್ಟಿಯಾಗಿವೆ. 1958ರಲ್ಲಿ ಅಮೆರಿಕದಲ್ಲಿ ಬಂದ ಹಷ್ ಪಪೀಸ್ ಶೂ ಹೆಸರಾದದ್ದು ಹಂದಿ ಸ್ವೇಡ್‌ನಿಂದ. ತಮಾಷೆಯೆಂದರೆ, ‘ಪಿಗ್‌ಸ್ಕಿನ್’ (ಹಂದಿ ಚರ್ಮ) ಎಂದೇ ಕರೆಸಿಕೊಳ್ಳುವ ಅಮೆರಿಕನ್ ಫುಟ್‌ಬಾಲನ್ನು ಹೊಲಿಯುವುದು ದನದ ಚರ್ಮದಲ್ಲಿ!

ಮಳೆಗೆ ಹಾಕುವ ಬೂಟಿಗೆ ಮಾತ್ರ ಬೇಡ. ಗಾಳಿ ಬರುವ ದಾರಿಯಲ್ಲೇ ನೀರೂ ಬರುತ್ತದೆ.

ಸ್ವೇಡ್ ಆದರೆ ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿ. ಕಲೆಯನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ತಿಕ್ಕಿ. ಎಣ್ಣೆ ಬಿದ್ದರೆ ಒರೆಸಬೇಡಿ, ಒರೆಸಿದಷ್ಟೂ ಒಳಗಿಳಿಯುತ್ತದೆ. ಕಾರ್ನ್ ಫ್ಲೋರ್ ಅಥವಾ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಡವಿ. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ. ಪಾಲಿಶ್ ಸ್ವೇಡ್‌ನ ಹತ್ತಿರವೂ ಸುಳಿಯಬಾರದು.

ನೆನೆದರೆ ಬಟ್ಟೆಯಿಂದ ಒತ್ತಿ ನೀರು ತೆಗೆದು, ಒಳಗೆ ಕಾಗದ ತುರುಕಿ ನೆರಳಲ್ಲಿ ಆರಲು ಬಿಡಿ. ಹೇರ್ ಡ್ರೈಯರ್, ಹೀಟರ್, ಬಿರುಬಿಸಿಲು ಯಾವುದೂ ಬೇಡ: ಒದ್ದೆ ಚರ್ಮ ಬಿಸಿಗೆ ಸುಕ್ಕುಗಟ್ಟಿದರೆ ಮತ್ತೆ ಮೊದಲಿನಂತಾಗದು. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬಿಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ನುಣುಪು ಚರ್ಮಕ್ಕೆ ಲೆದರ್ ಕ್ರೀಮ್ ಹಚ್ಚಬಹುದು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಟ್ಟೆಯ ತುದಿಗೆ ಕಡಲೆಕಾಳಿನಷ್ಟೇ ತೆಗೆದುಕೊಂಡು ತೆಳುವಾಗಿ ಸವರಿ. ಪ್ರೀತಿಯಿಂದ ಧಾರಾಳವಾಗಿ ಬಳಿದಿರೋ, ಅದೇ ತೂತುಗಳಿಂದ ಜಿಡ್ಡು ಒಳಬದಿಗೆ ಇಳಿದು ಕಾಲುಚೀಲಕ್ಕೆ ಹತ್ತುತ್ತದೆ.