ನಾರ್ವೇಜಿಯನ್ 'ಟೀಮೆ': ಗಂಟೆಯೂ ಹೌದು, ಅಪಾಯಿಂಟ್‌ಮೆಂಟೂ ಹೌದು

ನಾರ್ವೇಜಿಯನ್ ಕಲಿಯುತ್ತಿರುವವರ ಗಮನಕ್ಕೆ. ಈ ಪದದ ಸ್ಪೆಲಿಂಗ್ ಇಂಗ್ಲಿಷಿನ 'ಟೈಮ್' ಥರವೇ ಇದೆ, ಆದರೆ ಓದುವುದು 'ಟೀಮೆ' ಅಂತ. ಅರ್ಥವೂ ಬೇರೆ: ಅರವತ್ತು ನಿಮಿಷದ ಒಂದು ಗಂಟೆ. ಪುಲ್ಲಿಂಗ ಪದ, ರೂಪಗಳು ಎನ್ ಟೀಮೆ (ಒಂದು ಗಂಟೆ), ಟೀಮೆನ್ (ಆ ಗಂಟೆ), ಟೀಮೆರ್ (ಗಂಟೆಗಳು), ಟೀಮೆನೆ (ಆ ಗಂಟೆಗಳು).

ಶಾಲೆಯ ಪೀರಿಯಡ್ಡಿಗೂ ಇದೇ ಪದ. ಡಾಕ್ಟರು, ಹಲ್ಲಿನ ಡಾಕ್ಟರು, ಸಲೂನು ಇವುಗಳ ಅಪಾಯಿಂಟ್‌ಮೆಂಟಿಗೂ ಇದೇ. ಬುಕ್ ಮಾಡುವುದು 'ಬೆಸ್ಟಿಲ್ಲೆ ಟೀಮೆ'. 'ಯೈ ಹಾರ್ ಟೀಮೆ ಕ್ಲೊಕ್ಕಾ ಟೀ' ಎಂದರೆ ನನಗೆ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಇದೆ. ಇಲ್ಲಿ ಸಾಮಾನ್ಯವಾಗಿ 'ಎನ್' ಹಾಕುವುದಿಲ್ಲ. ಗೆಳೆಯರನ್ನು ಭೇಟಿಯಾಗುವುದಕ್ಕೆ ಟೀಮೆ ಬಳಸುವುದಿಲ್ಲ, ಅದು 'ಆವ್‌ಟಾಲೆ'.

ಹೆಚ್ಚು ಜನ ಎಡವುವುದು ಇಲ್ಲಿ: ಪುರುಸೊತ್ತಿಲ್ಲ ಎನ್ನಲು 'ಇಕ್ಕೆ ಟೀಮೆ' ಅಂದುಬಿಡುತ್ತಾರೆ. ಕ್ಲಿನಿಕ್ಕಿನ ಕೌಂಟರಿನಲ್ಲಿ ಹಾಗಂದರೆ ನೀವು ಬುಕ್ ಮಾಡಿಲ್ಲ ಎಂದೇ ತಿಳಿಯುತ್ತಾರೆ. ಸಮಯಕ್ಕೆ ಪದ 'ಟೀ' (ಬರೆಯುವಾಗ ಕೊನೆಗೆ ಡಿ ಇದೆ, ಅನೇಕರು ಅದನ್ನು ಉಚ್ಚರಿಸುವುದಿಲ್ಲ). ಮೂರು ಸಲ ಎನ್ನಲು 'ಟ್ರೇ ಗಾಂಗೆರ್'. 'ಟ್ರೇ ಟೀಮೆರ್' ಅಂದರೆ ಮೂರು ತಾಸು.

ಹಿಂದಿನ ಚಿಕ್ಕ ಪದ ಬದಲಾದರೆ ಅರ್ಥವೂ ಬದಲು. 'ಓಮ್ ಎನ್ ಟೀಮೆ' ಇನ್ನೊಂದು ಗಂಟೆ ಬಿಟ್ಟು, 'ಈ ಎನ್ ಟೀಮೆ' ಒಂದು ಗಂಟೆ ಹೊತ್ತು, 'ಪೋ ಎನ್ ಟೀಮೆ' ಒಂದು ಗಂಟೆಯೊಳಗೆ (ಕೆಲಸ ಮುಗಿಸುವುದು). ಸಂಬಳ, ವೇಗಕ್ಕೆ 'ಈ ಟೀಮೆನ್', ಅಂದರೆ ಗಂಟೆಗೆ ಇಷ್ಟು.

ಬರಲಾಗದಿದ್ದರೆ 'ಆವ್‌ಬೆಸ್ಟಿಲ್ಲೆ', ಅಂದರೆ ರದ್ದು ಮಾಡಿ. ಸಾಮಾನ್ಯವಾಗಿ 24 ಗಂಟೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ಹೋಗದ ಭೇಟಿಗೂ ದುಡ್ಡು ಕಟ್ಟಬೇಕಾದೀತು.